ಸಂಸಾರಿ ಮಾಸ್ತಿ

ಸಾಹಿತಿಯೆಂದರೆ ಮನೆಮಠಗಳ ಚಿಂತೆಯಿಲ್ಲದವನು, ಹೊತ್ತಿಗೆ ಸರಿಯಾಗಿ ಉಣ್ಣದವನು, ಸಾಲ ಕೊಟ್ಟವನನ್ನು ಕಂಡರೆ ಹಿತ್ತಿಲ ಬಾಗಿಲಿನಿಂದ ಹೊರಡುವವನು ಎಂಬ ಭಾವನೆಯು ನಮ್ಮ ಜನರಲ್ಲಿ ಬಹುಕಾಲದಿಂದ ನೆಲೆಗೊಂಡಿದೆ. ಕೆಲವರು ಸಾಹಿತಿಗಳೂ ಈ ಭಾವನೆಯನ್ನು ಶ್ರದ್ಧೆಯಿಂದ ಪೋಷಿಸಿಕೊಂಡು ಬಂದಿರುವರೆಂಬುದನ್ನು ಒಪ್ಪಬೇಕು. ಆದರೆ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ಜೀವಿತವನ್ನು ಸ್ಮರಿಸಿದಾಗ ಅದಕ್ಕೆ ನಿಲ್ಲಲು ಸ್ಥಳವೇ ಸಿಕ್ಕುವುದಿಲ್ಲ. ಆರು ಮಂದಿ ಹೆಣ್ಣುಮಕ್ಕಳ ತಂದೆಯಾಗಿ, ಸರ್ಕಾರದ ಚಾಕರಿಯ ಭಾರವನ್ನು ಹೊತ್ತು, ಸಂಜೆಯಾದರೆ ನಾಲ್ಕು ಜನರೊಡನೆ ಕೂಡಿ ಕಲೆತು, ಇವುಗಳೆಲ್ಲದರ ನಡುವೆಯೇ ನೂರಕ್ಕೆ ಮೇಲ್ಪಟ್ಟು ಗ್ರಂಥಗಳನ್ನು ರಚಿಸಿದವರು ಅವರು.

ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ಹೊಂಗೇನಹಳ್ಳಿಯಲ್ಲಿ 1891ನೆಯ ಇಸವಿ ಜೂನ್ 6ರಂದು ಅವರ ಜನನ. ಹಿಂದೆ ಅನುಕೂಲವಾಗಿದ್ದ ಮನೆತನವು ಅವರ ಬಾಲ್ಯದ ವೇಳೆಗೆ ಬಡತನಕ್ಕೆ ಇಳಿದಿದ್ದಿತು. ಮನೆಯ ಮಾತು ತಮಿಳು. ಬರೆವಣಿಗೆಗೆ ಆರಿಸಿಕೊಂಡುದು ಕನ್ನಡ. 1914ರಲ್ಲಿ ಮದರಾಸಿನಲ್ಲಿ ಎಂ.ಎ. ಪದವಿ ಪಡೆದು, ಮೈಸೂರು ಸಂಸ್ಥಾನದ ಸಿವಿಲ್ ಸರ್ವಿಸಿನಲ್ಲಿ ಅಸಿಸ್ಟೆಂಟ್ ಕಮಿಷನರ್ ಹುದ್ದೆಯಿಂದ ಮೊದಲ್ಗೊಂಡು ಜಿಲ್ಲಾಧಿಕಾರಿಯ ಪದವಿಯ ವರೆಗೆ ಏರಿದರು.

ಕಛೇರಿಯ ಕಾಗದಗಳ ನಡುವೆ ಓದಿಗೆ ಬರೆವಣಿಗೆಗೆ ಹೊತ್ತೆಲ್ಲಿ ಎಂದು ನಮ್ಮೊಡನೆ ಮರುಗುವ ಅಧಿಕಾರಿಮಿತ್ರರು ಇಲ್ಲಿ ಸ್ವಲ್ಪ ಗಮನವಿಡಬೇಕು. 'ಕೆಲವು ಸಣ್ಣ ಕಥೆಗಳು' ಅಚ್ಚಾದುದು 1920ರಲ್ಲಿ, 'ಸುಬ್ಬಣ್ಣ' 1928ರಲ್ಲಿ. ಬೆಳಗಾವಿಯ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದುದು 1929ರಲ್ಲಿ. ಇವೆಲ್ಲವೂ ಚಾಕರಿಯಲ್ಲಿದ್ದಾಗಲೇ ನಡೆದುವು. ಬಿಡುವು ದೊರೆತ ಮೇಲೆ ಬರೆಯೋಣವೆಂದು ಅವರು ಕಾದು ಕುಳಿತವರಲ್ಲ.

ಅವರ ಕಥೆಗಳನ್ನು ಓದಿದವರಿಗೆ ಇನ್ನೊಂದು ಸಂಗತಿಯು ಗೋಚರವಾಗದಿರದು. ಯಾರೋ ಹೇಳಿದುದನ್ನು ಮತ್ತೊಬ್ಬರು ಕುಳಿತು ಕೇಳಿಸಿಕೊಂಡಂತೆ ಅವುಗಳಲ್ಲಿ ಎಷ್ಟೋ ನಡೆಯುತ್ತವೆ. 'ಮೊಸರಿನ ಮಂಗಮ್ಮ'ನನ್ನೇ ನೋಡಿರಿ. ಹಳ್ಳಿಯಿಂದ ಬೆಂಗಳೂರಿಗೆ ಮೊಸರು ಮಾರಲು ಬರುವ ಹೆಂಗಸು. ವಾಡಿಕೆಯ ಮನೆಯಲ್ಲಿ ಕುಳಿತು ತನ್ನ ಮನೆಯ ರಗಳೆಯನ್ನು ಹೇಳಿಕೊಳ್ಳುತ್ತಾಳೆ. ಸೊಸೆ ಮಗುವನ್ನು ಹೊಡೆದಳು, ಅತ್ತೆ ತಡೆದಳು, ಮಾತಿಗೆ ಮಾತು ಬೆಳೆದು ಒಲೆ ಎರಡಾಯಿತು. ಕಡೆಗೆ ಅಜ್ಜಿಯನ್ನು ಬಿಟ್ಟಿರಲಾರದ ಮೊಮ್ಮಗನೇ ಎರಡು ಒಲೆಗಳನ್ನು ಒಂದು ಮಾಡಿದನು. ಇಷ್ಟೇ ಕಥೆ. ಇದರಲ್ಲಿ ಯುದ್ಧವಿಲ್ಲ, ಅರಮನೆಯಿಲ್ಲ. ಆದರೂ ಮನೆಯಲ್ಲಿ ಅತ್ತೆಸೊಸೆಯರನ್ನು ಉಳ್ಳವರಾರೂ ಇದನ್ನು ಪರರ ಕಥೆಯೆಂದು ಓದಿ ಮುಗಿಸಲಾರರು. ಸಂಸಾರದಿಂದ ದೂರ ನಿಂತು ನೋಡಿದವರಿಗೆ ಇಂತಹುದು ಸಾಧ್ಯವಾಗುತ್ತಿದ್ದಿತೆಂದು ನಾವು ನಂಬುವುದಿಲ್ಲ. ಮೊಸರಿನವಳ ಮಾತನ್ನು ಕೇಳುವ ತಾಳ್ಮೆಯುಳ್ಳವನಿಗೇ ಆ ಕಥೆ ದಕ್ಕುವುದು.

1943ರಲ್ಲಿ ಈ ಗೃಹಸ್ಥನ ಸತ್ತ್ವಪರೀಕ್ಷೆಯಾಯಿತು. ಮಂತ್ರಿಪದವಿಗೆ ಸಮನಾದ ಸ್ಥಾನವು ತಮಗೆ ದೊರೆಯದೆ, ತಮಗಿಂತ ಕಿರಿಯರಾದವರೊಬ್ಬರು ಮುಂದಕ್ಕೆ ಬಂದಾಗ ಅವರು ಗೊಣಗುತ್ತ ಕುಳಿತಿರಲಿಲ್ಲ, ರಾಜೀನಾಮೆಯನ್ನಿತ್ತು ಹೊರಬಂದರು. ಐವತ್ತೆರಡರ ವಯಸ್ಸಿನಲ್ಲಿ, ತುಂಬಿದ ಸಂಸಾರವನ್ನಿಟ್ಟುಕೊಂಡು ಮೇಲಧಿಕಾರವನ್ನು ಬಿಟ್ಟು ನಡೆಯುವುದು ಸುಲಭವಲ್ಲ. ಅಂತಹ ದಿನ ಮನೆಗೆ ಬಂದು ಗೃಹಿಣಿಗೆ ಸುದ್ದಿಯನ್ನು ಹೇಗೆ ತಿಳಿಸಬೇಕೆಂಬುದನ್ನು ಓದುಗರಲ್ಲಿ ಕೆಲವರು ಬಲ್ಲರು. ಪಂಕಜಮ್ಮನವರಂತಹ ಸಹಧರ್ಮಿಣಿಯರ ಪಾಲು ಸಾಹಿತ್ಯಚರಿತ್ರೆಯಲ್ಲಿ ಒಂದು ಪಂಕ್ತಿಯನ್ನೂ ಮೀರದಿರುವುದು ನಮ್ಮ ಚರಿತ್ರಕಾರರ ದೋಷ.

ವಿಶ್ರಾಂತಿಯನ್ನಂತೂ ಅವರು ಬಯಸಲಿಲ್ಲ. ಮರುವರ್ಷವೇ, 1944ರಲ್ಲಿ, 'ಜೀವನ' ಮಾಸಪತ್ರಿಕೆಯ ಸಂಪಾದಕತ್ವವನ್ನು ವಹಿಸಿಕೊಂಡು 1965ರ ವರೆಗೆ ನಡೆಸಿದರು. ಕಾಗದದ ಬೆಲೆ, ಅಚ್ಚಿನ ಮೊಳೆಯ ಸವೆತ, ಚಂದಾಹಣವನ್ನು ನಾಳೆ ನಾಳೆ ಎನ್ನುವ ಮಹನೀಯರು, ಇವುಗಳ ಪರಿಚಯವುಳ್ಳ ನಮಗೆ ಇಪ್ಪತ್ತೊಂದು ವರ್ಷಗಳೆಂದರೆ ಏನೆಂದು ಚೆನ್ನಾಗಿ ಗೊತ್ತು. 'ಚಿಕವೀರ ರಾಜೇಂದ್ರ' ಕಾದಂಬರಿಯು 1956ರಲ್ಲಿ ಹೊರಬಂದುದು ಈ ದುಡಿಮೆಯ ನಡುವೆ.

ಇಷ್ಟೆಲ್ಲ ದುಡಿದವರು ಮುಖ ಬಿಗಿದುಕೊಂಡು ಏಕಾಂತದಲ್ಲಿ ಕುಳಿತಿರಬೇಕೆಂದು ಯಾರಾದರೂ ಊಹಿಸಿದರೆ ಅದು ತಪ್ಪು. ಕೈಯಲ್ಲಿ ಕೊಡೆ ಹಿಡಿದು ಗವೀಪುರದ ಮನೆಯಿಂದ ಬಸವನಗುಡಿಯ ಕ್ಲಬ್ಬಿಗೆ ನಡೆದುಹೋಗಿ ಸ್ನೇಹಿತರೊಡನೆ ಇಸ್ಪೀಟು ಆಡುವುದು ಅವರ ನಿತ್ಯವಿಧಿಯಾಗಿದ್ದಿತು. ಇಸ್ಪೀಟನ್ನು ನಾವು ಹೊಗಳುವವರಲ್ಲ. ಆದರೆ ಆ ಮೇಜಿನ ಸುತ್ತಣ ಹರಟೆಯ ಮೇಲೆ ನಮಗೆ ಕೋಪವಿಲ್ಲ. ವೃದ್ಧಾಪ್ಯವು ಬಂದ ಮೇಲೂ ಈ ನಡಿಗೆ ನಿಲ್ಲಲಿಲ್ಲ. 1983ನೆಯ ಸಾಲಿನ ಜ್ಞಾನಪೀಠ ಪ್ರಶಸ್ತಿಯು ತೊಂಬತ್ತು ದಾಟಿದ್ದ ಅವರನ್ನು ಅರಸಿಕೊಂಡು ಬಂದಿತು. 1986ನೆಯ ಜೂನ್ 6ರಂದು, ತೊಂಬತ್ತೈದು ವರ್ಷಗಳು ತುಂಬಿದ ಜನ್ಮದಿನದಂದೇ, ಅವರು ಬೆಂಗಳೂರಿನಲ್ಲಿ ತೀರಿಕೊಂಡರು.