ದುಬಾರಿ ಇಯರ್‌ಬಡ್ಸ್ ಇದ್ರೂ ಗೇಮ್‌ನಲ್ಲಿ ಮಾತು ಕೇಳಿಸ್ತಿಲ್ವಾ?

ಕಾಲೇಜಿನ ಗೆಳೆಯರೆಲ್ಲ ಈಗ ಒಬ್ಬೊಬ್ಬರು ಒಂದೊಂದು ಊರಲ್ಲಿ. ಮುಖತಃ ಸಿಗೋದು ಯಾರದ್ದಾದರೂ ಮದುವೆಯಲ್ಲಿ ಮಾತ್ರ. ಹಾಗಾಗಿ ಶನಿವಾರ ರಾತ್ರಿ ಒಟ್ಟಿಗೆ ಗೇಮ್ ಆಡೋದೇ ಎಷ್ಟೋ ಜನರಿಗೆ ಈಗಿನ ಹರಟೆಕಟ್ಟೆ. ಅಲ್ಲಿ ಆಟಕ್ಕಿಂತ ಮಾತೇ ಮುಖ್ಯ. "ಹಲೋ, ಕೇಳಿಸ್ತಿದೆಯೇನೋ?" ಅನ್ನೋದ್ರಲ್ಲೇ ಅರ್ಧ ಗಂಟೆ ಹೋದರೆ ಮಜಾ ಎಲ್ಲಿ ಉಳಿಯುತ್ತೆ? ಹೊಸ ಹೆಡ್‌ಸೆಟ್‌ಗೆ ಸಾವಿರಾರು ರೂಪಾಯಿ ಸುರಿಯುವ ಮುನ್ನ ಒಂದು ಮಾತು ನೆನಪಿರಲಿ: ಅದರ ಬೆಲೆಗಿಂತ, ಅದು ಕನ್ಸೋಲ್‌ಗೆ ಹೇಗೆ ಕನೆಕ್ಟ್ ಆಗುತ್ತೆ ಅನ್ನೋದು ಮುಖ್ಯ.

ಬ್ಲೂಟೂತ್ ನಂಬಿ ಕೂರಬೇಡಿ

ಫೋನಿಗೆ ಥಟ್ಟನೆ ಜೋಡಿಯಾಗುವ ಇಯರ್‌ಬಡ್ಸ್ ಕನ್ಸೋಲ್‌ಗೂ ಆಗುತ್ತೆ ಅಂದುಕೊಳ್ಳೋದು ಸಹಜ. ಆದರೆ ಪ್ಲೇಸ್ಟೇಷನ್ 5 ಆಗಲಿ, ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಮತ್ತು ಎಸ್ ಆಗಲಿ, ಸಾಮಾನ್ಯ ಬ್ಲೂಟೂತ್ ಹೆಡ್‌ಫೋನನ್ನು ನೇರವಾಗಿ ಒಪ್ಪೋದಿಲ್ಲ. ನಿಂಟೆಂಡೊ ಸ್ವಿಚ್‌ಗೆ 2021ರ ಅಪ್‌ಡೇಟ್‌ನಲ್ಲಿ ಬ್ಲೂಟೂತ್ ಆಡಿಯೊ ಬಂತು. ಆದರೆ ಅದರಲ್ಲಿ ಕೇಳಬಹುದಷ್ಟೇ, ಬ್ಲೂಟೂತ್ ಮೈಕ್ ಕೆಲಸ ಮಾಡಲ್ಲ.

ಬ್ಲೂಟೂತ್‌ಗೆ ಎರಡು ತೊಂದರೆಗಳಿವೆ. ಒಂದು, ಶಬ್ದ ತುಸು ತಡವಾಗಿ ಬರುತ್ತೆ: ಗುಂಡು ಹಾರಿದ್ದು ಮೊದಲು ಕಾಣುತ್ತೆ, ಆಮೇಲೆ ಕೇಳುತ್ತೆ. ಇನ್ನೊಂದು, ಮೈಕ್ ಆನ್ ಆದ ಕೂಡಲೇ ಹೆಡ್‌ಫೋನ್ ಸಾಮಾನ್ಯವಾಗಿ ಕಾಲ್ ಮೋಡ್‌ಗೆ ಇಳಿದು, ಆಟದ ಸದ್ದು ಫೋನ್ ಕರೆಯಂತೆ ಸೊರಗುತ್ತೆ.

ಹಳೇ ವೈರೇ ಗಟ್ಟಿ

ಪ್ಲೇಸ್ಟೇಷನ್ 5ರ ಕಂಟ್ರೋಲರ್ ಕೆಳಭಾಗದಲ್ಲಿ 3.5 ಎಂಎಂ ಜ್ಯಾಕ್ ಇದೆ. ಈಗಿನ ಎಕ್ಸ್‌ಬಾಕ್ಸ್ ಕಂಟ್ರೋಲರ್‌ನಲ್ಲೂ ಇದೆ. ಡ್ರಾಯರ್‌ನಲ್ಲಿ ಬಿದ್ದಿರುವ ಮೈಕ್ ಇರೋ ಹಳೇ ಫೋನ್ ಇಯರ್‌ಫೋನ್ ಚುಚ್ಚಿ ನೋಡಿ, ಬಹುಪಾಲು ಅದೇ ಸಾಕು. ಪಿನ್ ಮೇಲೆ ಮೂರು ಪಟ್ಟಿಗಳಿದ್ದರೆ ಮೈಕ್ ಇದೆ ಎಂದರ್ಥ, ಎರಡೇ ಇದ್ದರೆ ಕೇಳೋಕೆ ಮಾತ್ರ. ಕಂಪ್ಯೂಟರ್‌ನ ಎರಡು ಪಿನ್ನಿನ ಹೆಡ್‌ಸೆಟ್ ಆದರೆ, ಎರಡನ್ನೂ ಒಂದು ಮಾಡುವ ಚಿಕ್ಕ ಕೇಬಲ್ ಬೇಕು. 2013ರ ಮೊದಲ ಎಕ್ಸ್‌ಬಾಕ್ಸ್ ಒನ್ ಕಂಟ್ರೋಲರ್‌ಗೆ ಈ ಜ್ಯಾಕ್ ಇಲ್ಲ, ಅಡಾಪ್ಟರ್ ಹಾಕಲೇಬೇಕು.

ಏನೂ ಇಲ್ಲವಾ? ಪ್ಲೇಸ್ಟೇಷನ್ 5ರ ಕಂಟ್ರೋಲರ್‌ನಲ್ಲೇ ಮೈಕ್ ಇದೆ. ಆದರೆ ಟಿವಿ ಸದ್ದು, ಬಟನ್ ಒತ್ತುವ ಟಕಟಕ ಎಲ್ಲ ಗೆಳೆಯರ ಕಿವಿಗೆ ಹೋಗಬಹುದು.

ವೈರ್ ಬೇಡವೇ ಬೇಡ ಅಂದ್ರೆ?

ಯುಎಸ್‌ಬಿ ಡಾಂಗಲ್ ಜೊತೆ ಬರುವ ವೈರ್‌ಲೆಸ್ ಹೆಡ್‌ಸೆಟ್ ನೋಡಿ. ಬಾಕ್ಸ್ ಮೇಲೆ ನಿಮ್ಮ ಕನ್ಸೋಲ್ ಹೆಸರಿದೆಯಾ ಅಂತ ಕಡ್ಡಾಯವಾಗಿ ಓದಿ. ಪ್ಲೇಸ್ಟೇಷನ್‌ಗೆ ಆಗುವುದೆಲ್ಲ ಎಕ್ಸ್‌ಬಾಕ್ಸ್‌ಗೆ ಆಗಲ್ಲ. ಯುಎಸ್‌ಬಿ ಮೈಕ್ ಕೊಳ್ಳುವಾಗಲೂ ಇದೇ ಎಚ್ಚರ ಇರಲಿ.

ಆದರೂ ಕೇಳಿಸ್ತಿಲ್ಲ ಅಂದ್ರೆ...

* ಪ್ಲೇಸ್ಟೇಷನ್ 5ರ ಕಂಟ್ರೋಲರ್ ಮಧ್ಯದ ಮ್ಯೂಟ್ ಬಟನ್ ನೋಡಿ. ಕಿತ್ತಳೆ ದೀಪ ಹೊತ್ತಿದ್ದರೆ ನಿಮ್ಮ ಮೈಕ್ ಬಂದ್ ಆಗಿದೆ.
* ಹೆಡ್‌ಸೆಟ್ ವೈರಿನಲ್ಲೂ ಪುಟ್ಟ ಮ್ಯೂಟ್ ಸ್ವಿಚ್ ಇರಬಹುದು.
* ಗೆಳೆಯರ ಮಾತು ಮಾತ್ರ ಕಿವಿಗೆ ಬಂದು, ಆಟದ ಸದ್ದು ಟಿವಿಯಲ್ಲೇ ಬರ್ತಿದೆಯಾ? ಸೌಂಡ್ ಸೆಟ್ಟಿಂಗ್ಸ್‌ನಲ್ಲಿ ಹೆಡ್‌ಫೋನ್‌ಗೆ 'ಚಾಟ್ ಆಡಿಯೊ' ಬದಲು 'ಆಲ್ ಆಡಿಯೊ' ಆರಿಸಿ.
* ನೀವು ಪಾರ್ಟಿ ಚಾಟ್‌ನಲ್ಲಿ, ಗೆಳೆಯ ಗೇಮ್ ಒಳಗಿನ ಚಾಟ್‌ನಲ್ಲಿ ಇದ್ದರೆ ಯಾವ ಹೆಡ್‌ಸೆಟ್ ಕೂಡ ಏನೂ ಮಾಡಲಾಗದು. ಇಬ್ಬರೂ ಒಂದೇ ಕಡೆ ಸೇರಿ.
* ವೈರಿನ ಹೆಡ್‌ಸೆಟ್ ಆದರೆ ಜ್ಯಾಕ್ ಇರುವ ಫೋನಿಗೆ ಹಾಕಿ ವಾಯ್ಸ್ ರೆಕಾರ್ಡ್ ಮಾಡಿ. ಅಲ್ಲಿ ಸರಿ ಇದ್ದರೆ ಹೊಸದು ಕೊಳ್ಳುವ ಮುನ್ನ ಸೆಟ್ಟಿಂಗ್ಸ್ ಇನ್ನೊಮ್ಮೆ ಜಾಲಾಡಿ.

ಕಿವಿಯ ಕಡೆಗೂ ಗಮನ ಇರಲಿ

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 80 ಡೆಸಿಬಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳುವುದು ದೊಡ್ಡವರಿಗೆ ಮಿತಿ. ಮಕ್ಕಳಿಗೆ ಅಷ್ಟೇ ಹೊತ್ತಿಗೆ 75 ಡೆಸಿಬಲ್. ಸದ್ದು ಏರಿದಷ್ಟೂ ಈ ಸಮಯ ಬೇಗ ಕರಗುತ್ತೆ. ಆದ್ದರಿಂದ ಗುಂಡಿನ ಸದ್ದು ತಗ್ಗಿಸಿ, ಗೆಳೆಯರ ದನಿಯನ್ನು ಸ್ವಲ್ಪ ಮೇಲಿಡಿ. ಮನೆಯವರು ಊಟಕ್ಕೆ ಕರೆದದ್ದೂ ಕೇಳಿಸುತ್ತೆ!