ಕೇಳದೆ ಹೋದ ಗಿರಾಕಿಯ ಪ್ರಶ್ನೆ

ಇಳಕಲ್ಲಿನ ಸೀರೆ ಅಂಗಡಿಯಲ್ಲಿ ಮಡಿಕೆ ಬಿಚ್ಚಿದಾಗ ಮೊದಲು ಹೊರಬರುವುದು ಸೆರಗು. ಒಡಲು ಯಾವ ಬಣ್ಣದ್ದೇ ಇರಲಿ, ಕೆಂಪಿನ ಮೇಲೆ ಬಿಳಿಯ ಸಾಲು ಮೂಡಿದ ತೋಪತೆನಿ ಸೆರಗೇ ಆ ಊರಿನ ಗುರುತು. ಅದನ್ನು ನೋಡಿದ ಮೇಲೆ ಪ್ರಶ್ನೆಗಳು ಶುರು. "ಪೂರ್ತಿ ರೇಶಿಮಿ ಐತೇನ್ರಿ?" "ಬಣ್ಣ ಬಿಡತೈತೇನು?" "ಇದಕ್ಕ ಒಪ್ಪೋ ಖಣ ಐತೇನ್ರಿ?" ಅಂಗಡಿಯವರು ಒಂದೊಂದಕ್ಕೂ ಬಾಯಲ್ಲಷ್ಟೇ ಅಲ್ಲ, ಬಟ್ಟೆಯಲ್ಲೇ ಉತ್ತರ ಕೊಡುತ್ತಾರೆ. ಅಂಚನ್ನು ಮಗುಚಿ ತೋರಿಸುತ್ತಾರೆ, ಬಾಗಿಲ ಬೆಳಕಿಗೆ ಹಿಡಿಯುತ್ತಾರೆ.

ಅದೇ ಅಂಗಡಿಯ ವೆಬ್‌ಸೈಟಿಗೆ ಬರುವ ಗಿರಾಕಿಗೂ ಇವೇ ಪ್ರಶ್ನೆಗಳಿರುತ್ತವೆ. ಆಕೆ ಧಾರವಾಡದಲ್ಲೋ ಪುಣೆಯಲ್ಲೋ ಕೂತು ಫೋನಿನಲ್ಲಿ ನೋಡುತ್ತಿರುತ್ತಾಳೆ. ಉತ್ತರ ಕಾಣದಿದ್ದರೆ ಯಾರನ್ನೂ ಕೇಳುವುದಿಲ್ಲ, ಹೊರಟುಹೋಗುತ್ತಾಳೆ. ಆಕೆ ಬಂದಿದ್ದಳೆಂಬುದೂ ಅಂಗಡಿಯವರಿಗೆ ಗೊತ್ತಾಗುವುದಿಲ್ಲ. ಸಣ್ಣ ವ್ಯಾಪಾರದ ವೆಬ್‌ಸೈಟನ್ನು ತಿದ್ದಿ ಸರಿಮಾಡುವ ಕಸುಬು ಹುಟ್ಟಿರುವುದು ಇಲ್ಲಿಂದಲೇ: ಕೇಳದೆ ಹೋದವರ ಪ್ರಶ್ನೆಯನ್ನು ಹುಡುಕಿ ತೆಗೆಯುವುದು. ವೆಬ್‌ಸೈಟ್ ಕಟ್ಟಿಕೊಡುವವರು ಈಗ ಊರೂರಿನಲ್ಲಿದ್ದಾರೆ. ಕಟ್ಟಿದ್ದನ್ನು ಸಾವಧಾನದಿಂದ ತಿದ್ದಿ, ಅದರಿಂದ ನಾಲ್ಕು ಸೀರೆ ಹೆಚ್ಚು ಮಾರುವಂತೆ ಮಾಡುವವರು ಕಡಿಮೆ. ನನಗೆ ಈ ಎರಡನೆಯವರ ಮೇಲೆ ದೊಡ್ಡ ಗೌರವ.

ಒಳ್ಳೆಯ ಕಸುಬಿನವರು ಮೊದಲ ದಿನ ಕಂಪ್ಯೂಟರ್ ಮುಟ್ಟುವುದಿಲ್ಲ. ಅಂಗಡಿಯಲ್ಲಿ ಒಂದು ಮೂಲೆಯಲ್ಲಿ ಕೂತು ಗಿರಾಕಿಗಳು ಕೇಳಿದ್ದನ್ನು ಬರೆದುಕೊಳ್ಳುತ್ತಾರೆ. ಯಾವ ಪ್ರಶ್ನೆ ಮೊದಲು ಬಂತು, ಯಾವ ಉತ್ತರದ ಮೇಲೆ ಕೈ ಚೀಲಕ್ಕೆ ಹೋಯಿತು ಎಂಬುದೂ ಆ ಚೀಟಿಯಲ್ಲಿರುತ್ತದೆ. ಆಮೇಲೆ ಗೂಗಲ್ ಉಚಿತವಾಗಿ ಕೊಡುವ ಸರ್ಚ್ ಕನ್ಸೋಲ್ ತೆರೆಯುತ್ತಾರೆ. ಜನ ಏನೆಂದು ಹುಡುಕಿದಾಗ ಈ ಅಂಗಡಿಯ ಪುಟ ಕಾಣಿಸಿತು, ಎಷ್ಟು ಜನ ಒತ್ತಿದರು ಎಂಬ ಲೆಕ್ಕ ಅಲ್ಲಿ ಸಿಗುತ್ತದೆ. ಇಳಕಲ್, ಇಲಕಲ್, ಇಲ್ಕಲ್ ಎಂದು ಹಲವು ಕಾಗುಣಿತದಲ್ಲಿ, ಇಂಗ್ಲಿಷ್ ಅಕ್ಷರದಲ್ಲಿ ಇನ್ನೂ ಹಲವು ರೀತಿಯಲ್ಲಿ ಹುಡುಕುವವರಿರುತ್ತಾರೆ. ಆದರೆ ಪುಟದ ನೆತ್ತಿಯ ಮೇಲೆ "ಪರಂಪರೆಯ ವೈಭವಕ್ಕೆ ಸುಸ್ವಾಗತ" ಎಂದು ಬರೆದಿರುತ್ತದೆ. ವೈಭವವನ್ನು ಯಾರೂ ಹುಡುಕಿ ಬರುವುದಿಲ್ಲ. ಅದನ್ನು ತೆಗೆದು "ಇಳಕಲ್ ಕೈಮಗ್ಗದ ಸೀರೆಗಳು. ನಮ್ಮದೇ ಮಗ್ಗದಲ್ಲಿ ನೇಯ್ದವು. 6, 8, 9 ಗಜದಲ್ಲಿ ಸಿಗುತ್ತವೆ" ಎಂದು ಬರೆಯುವುದು ನೋಡಲು ಸಣ್ಣ ಕೆಲಸ. ಮನೆತನದ ಅಭಿಮಾನಕ್ಕೆ ಪೆಟ್ಟಾಗದಂತೆ ಅದನ್ನು ಮಾಲೀಕರಿಗೆ ಒಪ್ಪಿಸುವುದು ಸಣ್ಣದಲ್ಲ.

ಬೆಲೆಯ ವಿಷಯಕ್ಕೂ ಇದೇ ತಕರಾರು. "ಬೆಲೆಗೆ ಕರೆ ಮಾಡಿ" ಎಂದು ಬರೆದರೆ ಚೌಕಾಸಿಗೆ ಅವಕಾಶ ಉಳಿಯುತ್ತದೆ ಎಂದು ಅಂಗಡಿಯವರ ಲೆಕ್ಕ. ಫೋನಿನ ಆಚೆ ಇರುವಾಕೆಗೆ ಅದು ಕೇಳಿಸುವುದು ಬೇರೆಯಾಗಿ: ನನ್ನ ಧ್ವನಿ ಕೇಳಿ ಬೆಲೆ ಹೇಳುತ್ತಾರೆ. ಬೆಲೆ ಹಾಕಿಬಿಡಬೇಕು ಎಂಬ ಕಡೆಗೇ ನಾನಿದ್ದೇನೆ.

ಈ ಕಸುಬಿನ ನಿಜವಾದ ಕೈಚಳಕ ಕಾಣುವುದು ಫೋಟೊಗಳಲ್ಲಿ. ಇಂದಿನ ಫೋನಿನಲ್ಲಿ ತೆಗೆದ ಚಿತ್ರ ಸಾಮಾನ್ಯವಾಗಿ 4000 ಪಿಕ್ಸೆಲ್ ಅಗಲ, ಮೂರು ನಾಲ್ಕು ಎಂಬಿ ಭಾರ. ಅಂಥ ಹತ್ತನ್ನು ಹಾಗೇ ಪುಟಕ್ಕೆ ಏರಿಸಿದರೆ, ಸಿಗ್ನಲ್ ಸಣ್ಣಗಿರುವ ಊರಿನಲ್ಲಿ ಸೆರಗು ಕಾಣುವ ಮೊದಲೇ ನೋಡುವವರ ತಾಳ್ಮೆ ಮುಗಿದಿರುತ್ತದೆ. ಫೋನಿನ ಪರದೆಗೆ ಸಾವಿರದ ಆಸುಪಾಸಿನ ಪಿಕ್ಸೆಲ್ ಅಗಲ ಧಾರಾಳ ಸಾಕು. ಅಷ್ಟಕ್ಕೆ ಕಿರಿದಾಗಿಸಿ, ಗೂಗಲ್ 2010ರಲ್ಲಿ ಹೊರತಂದ ವೆಬ್‌ಪಿ ರೂಪಕ್ಕೆ ಬದಲಿಸಿದರೆ ಎಂಬಿಗಳಲ್ಲಿದ್ದ ಭಾರ ಕೆಲವು ನೂರು ಕೆಬಿಗೆ ಇಳಿಯುತ್ತದೆ. ಆದರೆ ಹೆಚ್ಚು ಹಿಂಡಿದರೆ ಇಳಕಲ್ಲಿನ ಸಣ್ಣ ಚೌಕಳಿ, ಅಂಚಿನ ಚಿಕ್ಕಿಗಳು ಕಲಸಿಹೋಗುತ್ತವೆ. ನೇಯ್ಗೆ ಕಾಣಬೇಕು, ಭಾರವೂ ಇಳಿಯಬೇಕು. ಎಲ್ಲಿ ನಿಲ್ಲಿಸಬೇಕೆಂದು ತೀರ್ಮಾನಿಸುವುದು ಬಟ್ಟೆಯನ್ನು ಹತ್ತಿರದಿಂದ ನೋಡಿದ ಕಣ್ಣು. ಪುಟದ ಮುಖ್ಯ ಚಿತ್ರವೋ ಬರಹವೋ 2.5 ಸೆಕೆಂಡಿನೊಳಗೆ ಕಾಣಿಸಬೇಕು, ಅದೂ ನಾಲ್ಕು ಭೇಟಿಗಳಲ್ಲಿ ಕನಿಷ್ಠ ಮೂರರಲ್ಲಿ ಎಂಬುದು ಗೂಗಲ್ ಇಟ್ಟಿರುವ ಅಳತೆ. ಅದನ್ನು ಮುಟ್ಟಲು ಒಂದು ಸೂಕ್ಷ್ಮ ತಿಳಿದಿರಬೇಕು. ಕೆಳಗಿನ ಚಿತ್ರಗಳನ್ನು, ಗಿರಾಕಿ ಅಲ್ಲಿಗೆ ಸರಿದಾಗಷ್ಟೇ ತರಿಸಿಕೊಳ್ಳುವಂತೆ ಮಾಡಬಹುದು. ಮೊಟ್ಟಮೊದಲ ಚಿತ್ರಕ್ಕೆ ಮಾತ್ರ ಹಾಗೆ ಮಾಡಬಾರದು. ಎಲ್ಲಕ್ಕೂ ಒಂದೇ ಸೂತ್ರ ಹಾಕಿದ ಪುಟಗಳು ಇಲ್ಲೇ ಎಡವುತ್ತವೆ.

ಇನ್ನು ಚಿತ್ರದೊಳಗೆ ಏನಿರಬೇಕು? ಸುಂದರಿಯೊಬ್ಬಳು ಉಟ್ಟು ನಿಂತ ಒಂದು ಚಿತ್ರ ಇರಲಿ, ಬೇಡವೆನ್ನುವುದಿಲ್ಲ. ಆದರೆ ಇಳಕಲ್ ಸೀರೆಯಲ್ಲಿ ಒಡಲಿನ ಹಾಸೂ ಸೆರಗಿನ ಹಾಸೂ ಬೇರೆ ಬೇರೆ. ಎರಡನ್ನೂ ಎಳೆ ಎಳೆಗೆ ಕುಣಿಕೆ ಹಾಕಿ ಜೋಡಿಸುತ್ತಾರೆ. ಅಂಚು ಒಡಲಿಗೆ ಕೂಡುವಲ್ಲಿ ಮೂರು ಲಾಳಿಗಳ ಕೊಂಡಿ ನೇಯ್ಗೆ. ಬಲ್ಲವರ ಕಣ್ಣು ಹೋಗುವುದು ಈ ಜೋಡಣೆಗಳ ಕಡೆಗೇ. ಅದರ ಹತ್ತಿರದ ಚಿತ್ರವೊಂದು, ಹಿಂಬದಿಯದೊಂದು, ಬೆರಳಿಟ್ಟು ಅಂಚಿನ ಅಗಲ ತೋರಿಸುವುದೊಂದು ಇದ್ದರೆ ಅಂಗಡಿಯ ಅರ್ಧ ಮಾತುಕತೆ ಮುಗಿದಂತೆ. ಬಲ್ಬಿನ ಹಳದಿ ಬೆಳಕಿನಲ್ಲಿ ತೆಗೆದರೆ ನವಿಲು ಬಣ್ಣ ಪಾಚಿಯಾಗುತ್ತದೆ, ಸೀರೆ ಹಿಂದಕ್ಕೆ ಬರುತ್ತದೆ. ಬಿಸಿಲು ನೇರ ಬೀಳದ ಕಿಟಕಿಯ ಪಕ್ಕ, ಬಿಳಿ ಗೋಡೆಯ ಎದುರು ತೆಗೆದದ್ದಕ್ಕೆ ಆ ತೊಂದರೆ ಕಡಿಮೆ.

ಕನ್ನಡದ ಪುಟಕ್ಕೆ ಬೇರೆಯದೇ ಒಂದು ಜಾಣ್ಮೆ ಬೇಕು, ಅದನ್ನು ಬಲ್ಲವರನ್ನು ಕಂಡರೆ ನನಗೆ ವಿಶೇಷ ಪ್ರೀತಿ. ಇಂಗ್ಲಿಷ್ ಅಕ್ಷರಕ್ಕೆಂದು ಮಾಡಿದ ಅಚ್ಚುಗಳಲ್ಲಿ ಸಾಲುಗಳ ನಡುವಿನ ಜಾಗ ಇಕ್ಕಟ್ಟು. ಅದರಲ್ಲಿ ಕನ್ನಡ ಹಾಕಿದರೆ ಒತ್ತಕ್ಷರಗಳು ಕೆಳಗಿನ ಸಾಲಿನ ಗುಣಿಸುಗಳಿಗೆ ತಾಗುತ್ತವೆ, ಗುಂಡಿಯ ಮೇಲಿನ "ಕೊಳ್ಳಿ"ಯ ಒತ್ತು ಅರ್ಧ ಕತ್ತರಿಸಿಹೋಗಿರುತ್ತದೆ. ಸಾಲಂತರವನ್ನು ಅಕ್ಷರದ ಎತ್ತರದ ಒಂದೂವರೆ ಪಾಲಿಗಿಂತ ಹೆಚ್ಚಿಸಿ, ಗುಂಡಿಯನ್ನು ಎತ್ತರಿಸಿದರೆ ಪುಟ ಉಸಿರಾಡತೊಡಗುತ್ತದೆ. ನುಡಿ, ಬರಹ ಎಂಬ ತಂತ್ರಾಂಶಗಳ ಹಳೆಯ ಸಂಕೇತದಲ್ಲಿ ಟೈಪು ಮಾಡಿದ ಪಠ್ಯವಿದ್ದರೆ ಅದನ್ನು ಯೂನಿಕೋಡಿಗೆ ತರಬೇಕು. ಬೆಲೆಪಟ್ಟಿಯನ್ನು ಚಿತ್ರವಾಗಿ ಅಂಟಿಸಿದ್ದರೆ ಬಿಚ್ಚಿ ಅಕ್ಷರವಾಗಿ ಬರೆಯಬೇಕು. ಇಲ್ಲವಾದರೆ ಹುಡುಕುವ ಯಂತ್ರಕ್ಕೂ ಕಣ್ಣು ಕಾಣದವರಿಗೆ ಓದಿ ಹೇಳುವ ತಂತ್ರಾಂಶಕ್ಕೂ ಅದು ನೆಟ್ಟಗೆ ದಕ್ಕುವುದಿಲ್ಲ.

ವಾಟ್ಸಾಪಿನ ಕೊಂಡಿಯಲ್ಲಿ ಮಾಡುವ ಒಂದು ಪುಟ್ಟ ಕೆಲಸ ನನ್ನನ್ನು ಬೆರಗುಗೊಳಿಸುತ್ತದೆ. ಎಲ್ಲ ಸೀರೆಗೂ ಒಂದೇ ಗುಂಡಿ ಇಟ್ಟರೆ ಅಂಗಡಿಗೆ ಬರುವ ಸಂದೇಶ ಬರೀ "ಹಲೋ". ಯಾವ ಸೀರೆ ಎಂದು ಕೇಳಿ, ಫೋಟೊ ಕಳಿಸಿ, ಅದಲ್ಲ ಎನಿಸಿಕೊಳ್ಳುವಷ್ಟರಲ್ಲಿ ಸಂಜೆಯಾಗುತ್ತದೆ. ಕೊಂಡಿಯೊಳಗೇ ಮಾತು ತುಂಬಿಡಬಹುದು. ಸೀರೆಯ ಕೆಳಗಿನ ಗುಂಡಿ ಒತ್ತಿದ ಕೂಡಲೇ "ನಮಸ್ಕಾರ, 214ನೇ ಸಂಖ್ಯೆಯ ಸೀರೆ ಇದೆಯೇ?" ಎಂಬ ವಾಕ್ಯ ಸಿದ್ಧವಾಗಿ ನಿಂತಿರುತ್ತದೆ, ಗಿರಾಕಿ ಕಳಿಸಿದರಾಯಿತು. ಟೈಪು ಮಾಡಲು ಹಿಂಜರಿಯುವ ಹಿರಿಯರಿಗೆ ಇದರಿಂದ ಎಷ್ಟು ಅನುಕೂಲ! ಹಣ ಕಳಿಸಲು ಯುಪಿಐ ಹೇಗೂ ಇದೆ.

ಇಷ್ಟೆಲ್ಲ ಆದ ಮೇಲೆ ಪರೀಕ್ಷೆ. ದೊಡ್ಡ ಕಂಪನಿಗಳು ಒಂದೇ ಪುಟದ ಎರಡು ರೂಪಗಳನ್ನು ಜನರಿಗೆ ಹಂಚಿ ತೋರಿಸಿ, ಯಾವುದರಿಂದ ಮಾರಾಟ ಹೆಚ್ಚಿತೆಂದು ಅಳೆಯುತ್ತವೆ. ದಿನಕ್ಕೆ ಮೂವತ್ತು ಜನ ಬರುವ ಅಂಗಡಿಗೆ ಆ ಲೆಕ್ಕ ಹೊಂದುವುದಿಲ್ಲ. ಅಷ್ಟು ಸಣ್ಣ ಸಂಖ್ಯೆಯಲ್ಲಿ ಎರಡು ಸೀರೆ ಹೆಚ್ಚು ಹೋದದ್ದು ತಿದ್ದಿದ್ದರಿಂದಲೋ ಶ್ರಾವಣ ಬಂದದ್ದರಿಂದಲೋ ಹೇಳಲಾಗದು. ಇದನ್ನು ತಿಳಿದವರು ಬೇರೆ ದಾರಿ ಹಿಡಿಯುತ್ತಾರೆ. ಬಳಕೆದಾರರನ್ನು ಗಮನಿಸಿ ಬರೆದ ಯಾಕೊಬ್ ನೀಲ್ಸನ್ 2000ದಲ್ಲೇ ಹೇಳಿದ್ದರು, ಐದು ಜನರನ್ನು ಕೂರಿಸಿ ನೋಡಿದರೆ ತೊಡಕುಗಳಲ್ಲಿ ಬಹುಪಾಲು ಹೊರಬೀಳುತ್ತವೆ ಎಂದು. ಪಕ್ಕದ ಮನೆಯ ಅಕ್ಕನ ಕೈಗೆ ಫೋನು ಕೊಟ್ಟು "ಮದುವೆಗೆ ಉಡಿಸಲು ಒಂದು ಸೀರೆ ಆರಿಸಿ" ಎಂದಷ್ಟೇ ಹೇಳಿ ಸುಮ್ಮನೆ ಕೂರಬೇಕು. ಆಕೆಯ ಬೆರಳು ತಡಕಾಡುವಾಗ "ಅಲ್ಲಿ ಒತ್ತಿ ಅಕ್ಕಾ" ಎನ್ನಬಾರದು. ತಾನೇ ಮಾಡಿದ ಪುಟದಲ್ಲಿ ಇನ್ನೊಬ್ಬರು ದಾರಿ ತಪ್ಪುವುದನ್ನು ಬಾಯಿ ಬಿಗಿದು ನೋಡುವ ಆ ಸಂಯಮವೇ ಈ ಕಸುಬಿನಲ್ಲಿ ಎಲ್ಲಕ್ಕಿಂತ ಕಷ್ಟದ್ದು ಎಂದು ನನಗೆ ಅನ್ನಿಸುತ್ತದೆ.

ಏನು ಮಾಡುವುದಿಲ್ಲ ಎಂಬುದರಲ್ಲೂ ಕಸುಬಿನ ಮರ್ಯಾದೆ ಇದೆ. "ಇನ್ನು ಹತ್ತೇ ನಿಮಿಷ", "ಈಗ 17 ಜನ ಇದನ್ನೇ ನೋಡುತ್ತಿದ್ದಾರೆ" ಎಂಬ ಸುಳ್ಳು ಅವಸರವನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರಿನಲ್ಲಿ ಹೊರಡಿಸಿದ ಮಾರ್ಗಸೂಚಿ ಮೋಸದ ವಿನ್ಯಾಸವೆಂದೇ ಪಟ್ಟಿಮಾಡಿದೆ. ಆನ್‌ಲೈನಿನಲ್ಲಿ ಮಾರುವವರು ತಮ್ಮ ವಿಳಾಸ, ದೂರು ಕೇಳುವವರ ಹೆಸರು, ವಾಪಸಾತಿಯ ಷರತ್ತು ತಿಳಿಸಬೇಕೆಂದು 2020ರ ಇ-ಕಾಮರ್ಸ್ ನಿಯಮಗಳೂ ಹೇಳುತ್ತವೆ. ಒಳ್ಳೆಯವರು ಇದನ್ನು ಪುಟದ ಬುಡದಲ್ಲಿ ಸಣ್ಣಕ್ಷರದಲ್ಲಿ ಅಡಗಿಸದೆ ಬೆಲೆಯ ಪಕ್ಕದಲ್ಲೇ ಬರೆಯುತ್ತಾರೆ: "ಬಣ್ಣ ಒಪ್ಪದಿದ್ದರೆ ಏಳು ದಿನದೊಳಗೆ ಮರಳಿಸಿ."

ಮಾರಿಹೋದ ಸೀರೆಯ ಪುಟವನ್ನು ಏನು ಮಾಡಬೇಕು? ಹೆಚ್ಚಿನವರು ಅಳಿಸಿಬಿಡುತ್ತಾರೆ. ಗೂಗಲಿನಿಂದ ಅದೇ ಪುಟಕ್ಕೆ ಬಂದವರಿಗೆ ಖಾಲಿ ಗೋಡೆ ಕಾಣುತ್ತದೆ. ಇಳಕಲ್ಲಿನಲ್ಲಿ ಸೆರಗಿನ ಹಾಸನ್ನು ಪ್ರತಿ ಸೀರೆಗೂ ಹೊಸದಾಗಿ ಜೋಡಿಸಬೇಕಾದ್ದರಿಂದ ಒಂದೊಂದು ಸೀರೆಯೂ ಬೇರೆಯಾಗಿಯೇ ಕೂತು ನೇಯ್ದದ್ದು. ಹಾಗಾಗಿ ಕಸುಬು ಬಲ್ಲವರು ಪುಟವನ್ನು ಹಾಗೇ ಉಳಿಸಿ, ಚಿತ್ರದ ಮೇಲೆ "ಇದು ಮಾರಾಟವಾಗಿದೆ" ಎಂದು ಬರೆದು, ಅದರ ಕೆಳಗೆ ಹೊಸ ಗುಂಡಿಯೊಂದನ್ನು ಇಡುತ್ತಾರೆ: "ಇದೇ ಒಡಲು, ನಿಮಗೆ ಬೇಕಾದ ಅಂಚು. ನೇಯ್ದು ಕೊಡುತ್ತೇವೆ, ಎಷ್ಟು ದಿನ ಬೇಕೆಂದು ಕೇಳಿ."