ಹಸಿರು ಚುಕ್ಕೆಯ ಹಿಂದೆ ಯಾರಿದ್ದಾರೆ?

1971ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ಕೃತಕ ಬುದ್ಧಿಮತ್ತೆ ಪ್ರಯೋಗಾಲಯದಲ್ಲಿದ್ದ ಲೆಸ್ ಅರ್ನೆಸ್ಟ್ ‘ಫಿಂಗರ್’ ಎಂಬ ಪುಟ್ಟ ಪ್ರೋಗ್ರಾಮ್ ಬರೆದರು. ಲಾಗಿನ್ ಆದವರ ಪಟ್ಟಿಯ ಮೇಲೆ ಬೆರಳಾಡಿಸುತ್ತ, ತಮಗೆ ಬೇಕಾದವರು ಇದ್ದಾರೆಯೇ ಎಂದು ಸಹೋದ್ಯೋಗಿಗಳು ಹುಡುಕುವುದನ್ನು ಅವರು ಕಂಡಿದ್ದರು. ಜೊತೆಗೆ ‘ಪ್ಲಾನ್’ ಎಂಬ ಕಡತವೂ ಬಂತು. ಎಲ್ಲಿಗೆ ಹೋಗಿದ್ದೇನೆ, ಹೊತ್ತಲ್ಲದ ಹೊತ್ತಿನಲ್ಲಿ ನನ್ನನ್ನು ಹೇಗೆ ಹಿಡಿಯಬಹುದು ಎಂದು ಅದರಲ್ಲಿ ಬರೆದಿಡಬಹುದಿತ್ತು. ಆನ್‌ಲೈನ್ ಇದ್ದಾರೆಂದು ತೋರಿಸುವ ಇಂದಿನ ಹಸಿರು ಚುಕ್ಕೆ, ‘ಲಾಸ್ಟ್ ಸೀನ್’, ಸ್ಟೇಟಸ್ ಸಾಲು ಎಲ್ಲವೂ ಅದೇ ವಂಶದವು. 2009ರಲ್ಲಿ ಶುರುವಾದ ವಾಟ್ಸ್‌ಆ್ಯಪ್ ಕೂಡ ಮೊದಲು ಹೊರಟಿದ್ದು ಹೆಸರಿನ ಪಕ್ಕ ಸ್ಟೇಟಸ್ ತೋರಿಸುವುದಕ್ಕೆ. ಚಾಟ್ ಆಮೇಲೆ ಸೇರಿತು.

ಈಗ ಈ ಚುಕ್ಕೆಯ ಸ್ವಿಚ್ಚನ್ನು ಎಐ ಏಜೆಂಟ್ ಕೈಗೆ ಕೊಡುತ್ತಿದ್ದೇವೆ. ಅದು ಕ್ಯಾಲೆಂಡರ್ ಓದಿ ‘ಮೀಟಿಂಗ್‌ನಲ್ಲಿದ್ದೇನೆ’ ಎಂದು ಬರೆಯುತ್ತದೆ, ನೋಟಿಫಿಕೇಶನ್ ನಿಲ್ಲಿಸುತ್ತದೆ, ಮೀಟಿಂಗ್ ಮುಗಿದ ಮೇಲೆ ಅಳಿಸುತ್ತದೆ. ಬಳಕೆದಾರರು ಒಪ್ಪಿದರೆ ಅವರ ಇಮೋಜಿ ಸ್ಟೇಟಸ್ ಬದಲಿಸಲು ಟೆಲಿಗ್ರಾಮ್ 2024ರ ನವೆಂಬರ್‌ನಲ್ಲೇ ಬಾಟ್‌ಗಳಿಗೆ ದಾರಿ ಮಾಡಿಕೊಟ್ಟಿತು.

ನನ್ನ ನಿಲುವು ಇಷ್ಟು: ‘ಇವರು ಈಗ ಇಲ್ಲ’ ಎಂದು ಹೇಳುವ ಅಧಿಕಾರವನ್ನು ಏಜೆಂಟ್‌ಗೆ ಕೊಡಬಹುದು. ‘ಇದ್ದಾರೆ’ ಎಂದು ಹೇಳುವ ಅಧಿಕಾರವನ್ನು ಕೊಡಬಾರದು.

ಕಚೇರಿಗಳ ಚಾಟ್ ಆ್ಯಪ್ ಆದ ಸ್ಲ್ಯಾಕ್ ಈ ಗೆರೆಯನ್ನು ತನ್ನ ಎಪಿಐನಲ್ಲೇ, ಅಂದರೆ ಹೊರಗಿನ ಪ್ರೋಗ್ರಾಮ್‌ಗಳು ಅದರೊಡನೆ ವ್ಯವಹರಿಸುವ ದಾರಿಯಲ್ಲೇ, ಎಳೆದಿದೆ. ಅಲ್ಲಿ ಹೊರಗಿನ ಪ್ರೋಗ್ರಾಮ್ ಎರಡನ್ನೇ ಹೇಳಬಹುದು: ‘ಅವೇ’ (ಇಲ್ಲ) ಅಥವಾ ‘ಆಟೋ’ (ಸ್ಲ್ಯಾಕ್ ತಾನೇ ನಿರ್ಧರಿಸಲಿ). ‘ಆ್ಯಕ್ಟಿವ್’ ಎಂದು ಬಲವಂತವಾಗಿ ತೋರಿಸಲು ದಾರಿಯೇ ಇಲ್ಲ. ಮೈಕ್ರೋಸಾಫ್ಟ್ ಟೀಮ್ಸ್‌ನ ಪದ್ಧತಿ ಬೇರೆ. ಅನುಮತಿ ಪಡೆದ ಆ್ಯಪ್ ಒಂದು ‘ಅವೈಲಬಲ್’ ಎಂದೂ ಘೋಷಿಸಬಹುದು; ಆ ಘೋಷಣೆಯ ಆಯುಷ್ಯ 5 ನಿಮಿಷದಿಂದ 4 ಗಂಟೆ. ಆ್ಯಪ್ ಅದನ್ನು ಕೆಲವು ನಿಮಿಷಕ್ಕೊಮ್ಮೆ ಮತ್ತೆ ಘೋಷಿಸುತ್ತಿದ್ದರೆ, ಕುರ್ಚಿ ಖಾಲಿಯಿದ್ದರೂ ಚುಕ್ಕೆ ಹಸಿರಾಗಿಯೇ ಉಳಿಯಬಹುದು.

ಇದು ಕಾಲೇಜಿನ ಪ್ರಾಕ್ಸಿ ಹಾಜರಿಯೇ. ಕೂಗುವ ಗೆಳೆಯನ ಜಾಗಕ್ಕೆ ಯಂತ್ರ ಬಂದಿದೆ, ಅಷ್ಟೆ. 2024ರಲ್ಲಿ ಅಮೆರಿಕದ ವೆಲ್ಸ್ ಫಾರ್ಗೊ ಬ್ಯಾಂಕ್ ಹನ್ನೆರಡಕ್ಕೂ ಹೆಚ್ಚು ನೌಕರರನ್ನು ಕೆಲಸದಿಂದ ತೆಗೆಯಿತು. ಕೀಬೋರ್ಡ್ ಚಟುವಟಿಕೆಯನ್ನು ಕೃತಕವಾಗಿ ಸೃಷ್ಟಿಸಿ ಕೆಲಸ ಮಾಡುತ್ತಿರುವಂತೆ ತೋರಿಸಿದರು ಎಂಬುದು ಆರೋಪ. ಆ ನೌಕರರ ಪರ ವಾದಿಸಲಾರೆ. ಆದರೆ ಕೆಲಸವನ್ನು ಬಿಟ್ಟು ಕೀಲಿಗಳ ಅಲುಗಾಟವನ್ನು ಅಳೆಯುವ ಕಡೆ ಜನ ಅಲುಗಾಟವನ್ನೇ ಒದಗಿಸುತ್ತಾರೆ ಎಂಬುದನ್ನೂ ಮರೆಯಲಾರೆ. ಏಜೆಂಟ್ ಬಂದರೆ ಈ ಆಟ ಸಲೀಸಾಗುತ್ತದೆ: ಅದು ಮೌಸ್ ಅಲುಗಿಸುವುದಲ್ಲದೆ ‘ನೋಡಿ ತಿಳಿಸುತ್ತೇನೆ’ ಎಂದು ಉತ್ತರವನ್ನೂ ಬರೆದೀತು. ಆಮೇಲೆ ನಿಜಕ್ಕೂ ಕೂತು ದುಡಿಯುತ್ತಿರುವವರ ಚುಕ್ಕೆಯನ್ನೂ ಯಾರೂ ನಂಬುವುದಿಲ್ಲ. ನನಗೆ ನೋವಾಗುವುದು ಅವರ ಬಗ್ಗೆ.

ಇನ್ನೊಂದು ಬದಿಯೂ ಇದೆ. ಅಮೆರಿಕದ ತಂಡಗಳೊಡನೆ ಕೆಲಸ ಮಾಡುವ ಬೆಂಗಳೂರಿನ ಐಟಿಯವರಿಗೆ ಅಲ್ಲಿ ಬೆಳಗಾಗುವಾಗ ಇಲ್ಲಿ ರಾತ್ರಿಯ ಊಟದ ಹೊತ್ತು. ಮಗುವಿಗೆ ತುತ್ತು ಕೊಡುತ್ತ ಒಂದು ಕೈಯಲ್ಲಿ ಫೋನ್ ಹಿಡಿದಿರುವವರು ಎಷ್ಟೋ ಮಂದಿ. ‘ಅವೇ’ ಒತ್ತಲು ಅವರಿಗೆ ಧೈರ್ಯ ಬರುವುದಿಲ್ಲ. ಒತ್ತಿದರೆ ಯಾರೋ ಗಮನಿಸುತ್ತಾರೆಂಬ ಅಳುಕು. ದಿನವೂ ಇಂಥ ಹೊತ್ತಿಗೆ ಚುಕ್ಕೆ ಆರಿಸು, ತುರ್ತಿದ್ದರೆ ಮಾತ್ರ ಕರೆ ಮಾಡಲಿ ಎಂದು ಬರೆ ಎಂದು ಏಜೆಂಟ್‌ಗೆ ಒಮ್ಮೆ ಹೇಳಿಟ್ಟರೆ ಆ ಅಳುಕು ದಿನದಿನವೂ ಕಾಡುವುದಿಲ್ಲ. ಇಡೀ ತಂಡವೇ ಹೀಗೆ ಮಾಡಿಕೊಂಡರೆ ಅದು ಅಲ್ಲಿನ ವಾಡಿಕೆಯಾಗುತ್ತದೆ. ಈ ತಂತ್ರಜ್ಞಾನದಲ್ಲಿ ನಾನು ಮನಸಾರೆ ಬಯಸುವ ಉಪಯೋಗ ಇದೇ.

ಎಚ್ಚರ ಬೇಕಿರುವುದು ಕಾರಣ ಬರೆಯುವಾಗ. ಕ್ಯಾಲೆಂಡರ್‌ನಲ್ಲಿ ‘ಸ್ಕ್ಯಾನಿಂಗ್, ಹೆರಿಗೆ ಆಸ್ಪತ್ರೆ’ ಎಂದಿದ್ದರೆ ಏಜೆಂಟ್ ಅದನ್ನೇ ಸ್ಟೇಟಸ್‌ಗೆ ಎತ್ತಿ ಹಾಕಬಹುದು. ತಾಯಿಗೂ ಇನ್ನೂ ಹೇಳಿರದ ಸುದ್ದಿ ಆಗ ಇಡೀ ಕಚೇರಿಗೆ ಗೊತ್ತಾಗುತ್ತದೆ. ‘ಹೊರಗಿದ್ದೇನೆ, 4 ಗಂಟೆಗೆ ಸಿಗುತ್ತೇನೆ’ ಎಂಬುದಕ್ಕಿಂತ ಹೆಚ್ಚು ಅದು ಬರೆಯಕೂಡದು. ಸ್ಲ್ಯಾಕ್‌ನಲ್ಲಿ ಸ್ಟೇಟಸ್ ಬದಲಿಸುವ ಅನುಮತಿಯೇ ಬೇರೆ, ಸಂದೇಶ ಕಳಿಸುವ ಅನುಮತಿಯೇ ಬೇರೆ. ಮೊದಲನೆಯದು ಸಾಕಾದ ಏಜೆಂಟ್‌ಗೆ ಎರಡನೆಯದನ್ನು ಕೊಡಬೇಡಿ. ಸ್ಟೇಟಸ್‌ಗೆ ಮುಕ್ತಾಯದ ಸಮಯವನ್ನೂ ಕಡ್ಡಾಯ ಮಾಡಿ. ಏಜೆಂಟ್ ನಡುವೆ ಕೆಟ್ಟು ನಿಂತರೂ ‘ರಜೆಯಲ್ಲಿದ್ದೇನೆ’ ಎಂಬ ಸಾಲು ವಾರಗಟ್ಟಲೆ ಉಳಿಯುವುದಿಲ್ಲ.

ಏಜೆಂಟ್ ತಾನೇ ಆನ್‌ಲೈನ್ ಇದ್ದರೆ? ಅದಕ್ಕೆ ಬೇರೆ ಗುರುತು ಬೇಕು. 1999ರಲ್ಲಿ ಶುರುವಾದ ಜ್ಯಾಬರ್ ಚಾಟ್ ವ್ಯವಸ್ಥೆಯಿಂದ ಬೆಳೆದ ಎಕ್ಸ್‌ಎಂಪಿಪಿ ಎಂಬ ಸಂದೇಶ ಮಾನದಂಡದಲ್ಲಿ ಇದಕ್ಕೊಂದು ಮಾದರಿಯಿದೆ. ಅಲ್ಲಿ ಒಬ್ಬರೇ ಹಲವು ಸಾಧನಗಳಿಂದ ಲಾಗಿನ್ ಆಗಬಹುದು. ಪ್ರತಿ ಸಾಧನಕ್ಕೂ -128ರಿಂದ +127ರವರೆಗಿನ ಆದ್ಯತೆ. ಅದು ಸೊನ್ನೆಗಿಂತ ಕಡಿಮೆಯಿದ್ದರೆ, ಆ ವ್ಯಕ್ತಿಯ ಹೆಸರಿಗೆ ಬಂದ ಸಾಮಾನ್ಯ ಸಂದೇಶಗಳು ಆ ಸಾಧನಕ್ಕೆ ಹೋಗುವುದಿಲ್ಲ. ಜಾಲದಲ್ಲಿ ಇದ್ದೂ ಮನುಷ್ಯರ ಜಾಗದಲ್ಲಿ ಕೂರದಿರುವ ಈ ಏರ್ಪಾಡು ಏಜೆಂಟ್‌ಗೆ ಹೇಳಿ ಮಾಡಿಸಿದಂತಿದೆ.

ಏಜೆಂಟ್ ಚುಕ್ಕೆಯನ್ನು ಯಾವಾಗ, ಏಕೆ ಬದಲಿಸಿತು ಎಂಬ ದಾಖಲೆಯೂ ಇರಬೇಕು, ಅದು ಚುಕ್ಕೆಯ ಒಡೆಯರಿಗೆ ಮಾತ್ರ ಕಾಣಬೇಕು. ಕಂಪನಿ ಕೇಳಿದರೂ ಅದನ್ನು ಕೊಡಬೇಕಾಗಿಲ್ಲ ಎಂಬ ಮಾತು ನೌಕರಿಯ ಒಪ್ಪಂದದಲ್ಲೇ ಬರಬೇಕು.